‘ಕಾಲ ಮಿಂಚಿತು’ ಎಂದು ಕಡತ ಮುಚ್ಚುವವರಿಗೆ ಒಂದು ಬಹಿರಂಗ ಪತ್ರ

ಊರು, ನಗರಗಳ ಆಡಳಿತ ನೋಡಿಕೊಳ್ಳುವ ಅಧಿಕಾರಿಗಳೇ, ಚುನಾಯಿತ ಪ್ರತಿನಿಧಿಗಳೇ, ‘ಇನ್ನು ಮಾಡಿ ಏನು ಪ್ರಯೋಜನ’ ಎಂದು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗಿರುವ ಎಲ್ಲರೇ,

ನಮಸ್ಕಾರ. ನೀರು ಸರಬರಾಜು, ಕಸ ವಿಲೇವಾರಿ, ವಿದ್ಯುತ್ ಬಳಕೆಯ ಲೆಕ್ಕ, ಇಂಥ ಕೆಲಸಗಳಲ್ಲಿರುವ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಹವಾಮಾನ ಬದಲಾವಣೆಯ ವಿಷಯ ಬಂದ ಸಭೆಗಳಲ್ಲಿ ಎರಡು ಮಾತು ಜೋಡಿಯಾಗಿ ಕೇಳಿಬರುತ್ತವೆ. ‘ಇದನ್ನು ಮೂವತ್ತು ವರ್ಷದ ಹಿಂದೆಯೇ ಮಾಡಬೇಕಿತ್ತು’ ಎಂಬುದು ಮೊದಲನೆಯದು. ‘ಈಗ ಕಾಲ ಮಿಂಚಿದೆ’ ಎಂಬುದು ಎರಡನೆಯದು. ಮೊದಲನೆಯದು ನಿಜ. 1992ರಲ್ಲಿ ರಿಯೋ ಡಿ ಜನೈರೊದಲ್ಲಿ ದೇಶಗಳು ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಂದೀಚೆಗೆ ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಬರುವ ಇಂಗಾಲದ ಡೈಆಕ್ಸೈಡ್ ಇಳಿಯುವ ಬದಲು ಒಂದೂವರೆ ಪಟ್ಟಿಗೂ ಮೀರಿ ಏರಿದೆ. ತಡವಾಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಎರಡನೆಯ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ತಡವಾದಾಗ ಬದಲಾಗುವುದು ಕೆಲಸದ ವೇಗ ಮತ್ತು ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ. ಕೆಲಸ ಬೇಕೋ ಬೇಡವೋ ಎಂಬ ಪ್ರಶ್ನೆ ತಡದಿಂದ ಹುಟ್ಟುವುದೇ ಇಲ್ಲ.

‘ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು’ ಎಂಬ ಗಾದೆಯನ್ನು ಇಂಥ ಸಭೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಒಂದೇ ಸಲ ಬಂದು ಹೋಗುವ ಕೊಳ್ಳೆಗೆ ಹೇಳಿದ ಮಾತು. ಇಲ್ಲಿ ಕೊಳ್ಳೆ ದಿನವೂ ನಡೆಯುತ್ತಿದೆ, ಬಾಗಿಲು ದಿನವೂ ತೆರೆದೇ ಇದೆ. ಇವತ್ತು ಹಾಕಿದರೆ ನಾಳೆಯದು ಉಳಿಯುತ್ತದೆ.

ಇದರ ಹಿಂದಿನ ಭೌತಶಾಸ್ತ್ರ ಸರಳ. ಇಂಗಾಲದ ಡೈಆಕ್ಸೈಡ್ ವಾತಾವರಣದಲ್ಲಿ ಕೂಡುತ್ತಾ ಹೋಗುತ್ತದೆ. ಸುಮಾರು 22,000 ಕೋಟಿ ಟನ್ ಸೇರಿದರೆ ಭೂಮಿಯ ಸರಾಸರಿ ಉಷ್ಣತೆ 0.1 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಈಗ ಜಗತ್ತು ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಬಿಡುತ್ತಿದೆ. ಅಂದರೆ ಐದಾರು ವರ್ಷಕ್ಕೊಮ್ಮೆ ಒಂದು ದಶಮಾಂಶ. ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ 1.5 ಡಿಗ್ರಿಯೊಳಗೆ ಏರಿಕೆಯನ್ನು ಹಿಡಿದಿಡಲು ಯತ್ನಿಸಬೇಕೆಂದು ದೇಶಗಳು ಹಾಕಿಕೊಂಡ ಗೆರೆ ದಾಟಿದ ಮೇಲೆ 1.6 ಇದೆ, ಆಮೇಲೆ 1.7. ಪ್ರತಿ ದಶಮಾಂಶಕ್ಕೂ ಬಿಸಿಗಾಳಿಯ ದಿನಗಳು, ಕುಂಭದ್ರೋಣ ಮಳೆ, ಬೆಳೆಹಾನಿ ಹೆಚ್ಚುತ್ತವೆ. ದಾಟಿದ ಕೂಡಲೇ ಎಲ್ಲವೂ ಮುಗಿದುಹೋಗುವ ಗೆರೆ ಎಂಬುದಿಲ್ಲ. ಗೆರೆ ದಾಟಿದೆವೆಂದು ಕೈಚೆಲ್ಲಿದರೆ ಮುಂದಿನ ದಶಮಾಂಶ ಬೇಗ ಬರುತ್ತದೆ, ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲೇ ಹೆಚ್ಚು. ನಾಳೆಯೇ ಎಲ್ಲ ನಿಲ್ಲಿಸಿದರೂ ಹಿಂದೆ ಬಿಟ್ಟದ್ದರಿಂದಲೇ ಇನ್ನೂ ಹಲವು ದಶಕ ಬಿಸಿ ಏರುತ್ತಲೇ ಇರುತ್ತದೆ ಎಂದು ಅವರು ನಂಬಿದ್ದಾರೆ. ಹಾಗಲ್ಲ. ನಾವು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಸಮುದ್ರ ಮತ್ತು ಕಾಡು, ಮಣ್ಣು ಹೀರಿಕೊಳ್ಳುತ್ತವೆ. ಬಿಡುವುದು ನಿಂತ ಮೇಲೂ ಅವು ಹೀರುವುದನ್ನು ನಿಲ್ಲಿಸುವುದಿಲ್ಲ. ಅದರಿಂದ ಗಾಳಿಯಲ್ಲಿನ ಪ್ರಮಾಣ ನಿಧಾನಕ್ಕೆ ಇಳಿಯುತ್ತದೆ. ಸಮುದ್ರ ಇನ್ನೂ ಬಿಸಿಯಾಗಬೇಕಾದ ಬಾಕಿಯನ್ನು ಈ ಇಳಿಕೆ ಸರಿಸುಮಾರು ಸರಿದೂಗಿಸುತ್ತದೆ. ಹೀಗಾಗಿ ನಿವ್ವಳ ಹೊರಸೂಸುವಿಕೆ, ಅಂದರೆ ಮನುಷ್ಯರು ಬಿಡುವುದರಲ್ಲಿ ಅವರೇ ಮರಳಿ ಹಿಡಿದಿಡುವುದನ್ನು ಕಳೆದು ಉಳಿಯುವುದು, ಸೊನ್ನೆಗೆ ಬಂದರೆ ಉಷ್ಣತೆಯ ಏರಿಕೆಯೂ ಬಹುತೇಕ ಅಲ್ಲಿಗೇ ನಿಲ್ಲುತ್ತದೆ. ಸಮುದ್ರಮಟ್ಟ ಮಾತ್ರ ನಿಲ್ಲುವುದಿಲ್ಲ. ಅದು ಶತಮಾನಗಳ ಕಾಲ ಏರುತ್ತದೆ. ಎಷ್ಟು ಬೇಗ, ಎಷ್ಟು ಎತ್ತರ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಕರಾವಳಿಯ ಊರುಗಳ ಯೋಜನೆಯಲ್ಲಿ ಇದನ್ನು ಬೇರೆಯಾಗಿಯೇ ಬರೆದುಕೊಳ್ಳಬೇಕು.

ತಡದ ಬೆಲೆ ಏನೆಂದು ಅಂಕಿಯಲ್ಲೇ ನೋಡೋಣ. ಒಂದು ಊರು ವರ್ಷಕ್ಕೆ 100 ಪಾಲು ಹೊಗೆ ಬಿಡುತ್ತದೆ, ಇನ್ನು ಮುಂದೆ ಒಟ್ಟು 2,000 ಪಾಲು ಮೀರಬಾರದು ಎಂದಿಟ್ಟುಕೊಳ್ಳಿ. ಇವತ್ತೇ ಶುರುಮಾಡಿ ವರ್ಷಕ್ಕೆ ಎರಡೂವರೆ ಪಾಲಿನಂತೆ ಇಳಿಸುತ್ತಾ ಹೋದರೆ 40 ವರ್ಷಕ್ಕೆ ಸೊನ್ನೆ ಮುಟ್ಟಬಹುದು. ಐದು ವರ್ಷ ಏನೂ ಮಾಡದೆ ಕೂತರೆ 500 ಪಾಲು ಖರ್ಚಾಗಿ, ಉಳಿದ 1,500ರಲ್ಲಿ 30 ವರ್ಷಕ್ಕೆ ಮುಟ್ಟಬೇಕು. ಹತ್ತು ವರ್ಷ ಕೂತರೆ ಇಳಿಸಲು ಉಳಿಯುವುದು 20 ವರ್ಷ, ವರ್ಷಕ್ಕೆ ಐದು ಪಾಲಿನ ಕಡಿತ. ಹದಿನೈದು ವರ್ಷ ಕೂತರೆ ಹತ್ತೇ ವರ್ಷ, ವರ್ಷಕ್ಕೆ ಹತ್ತು ಪಾಲು. ಕೂತ ಒಂದೊಂದು ವರ್ಷಕ್ಕೂ ಇಳಿಸುವ ಅವಧಿಯಲ್ಲಿ ಎರಡೆರಡು ವರ್ಷ ಹೋಗುತ್ತದೆ. ಹದಿನೈದು ವರ್ಷ ಕೂತವರು ಮತ್ತೊಂದು ವರ್ಷ ಅಧ್ಯಯನ ಮಾಡೋಣ ಎಂದರೆ ಅವರ ಹತ್ತು ವರ್ಷ ಎಂಟಾಗುತ್ತದೆ. ತಡವಾದವರಿಗೇ ಇವತ್ತಿನ ದಿನ ಹೆಚ್ಚು ಬೆಲೆಯದು. ‘ಹೇಗೂ ತಡವಾಗಿದೆ, ನೋಡೋಣ’ ಎನ್ನುವುದು ಈ ಲೆಕ್ಕವನ್ನು ತಲೆಕೆಳಗು ಹಿಡಿದಂತೆ.

ತಡವಾಗಿ ಶುರುವಾಗಿ ಗೆದ್ದ ಕೆಲಸಗಳು ಕಡಿಮೆಯಿಲ್ಲ. ಸಿಡುಬಿಗೆ ಲಸಿಕೆಯ ದಾರಿಯನ್ನು ಎಡ್ವರ್ಡ್ ಜೆನ್ನರ್ ತೋರಿಸಿದ್ದು 1796ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ತೀವ್ರ ನಿರ್ಮೂಲನಾ ಕಾರ್ಯಕ್ರಮ ಶುರುಮಾಡಿದ್ದು 1967ರಲ್ಲಿ, ಅಂದರೆ 171 ವರ್ಷಗಳ ನಂತರ. ಆಗಲೂ ವರ್ಷಕ್ಕೆ ಕೋಟಿಗೂ ಹೆಚ್ಚು ಜನರಿಗೆ ಸಿಡುಬು ತಗಲುತ್ತಿತ್ತು. ನೈಸರ್ಗಿಕವಾಗಿ ತಗುಲಿದ ಕೊನೆಯ ಪ್ರಕರಣ 1977ರ ಅಕ್ಟೋಬರಿನಲ್ಲಿ ಸೊಮಾಲಿಯಾದಲ್ಲಿ ಕಂಡಿತು. 1980ರಲ್ಲಿ ರೋಗ ನಿರ್ಮೂಲವಾಯಿತೆಂದು ಘೋಷಿಸಿದರು. ಹೆಚ್ಚುಕಡಿಮೆ ಹತ್ತೇ ವರ್ಷದ ಕೆಲಸ. ಅದು ಹೇಗಾಯಿತು ಎಂಬುದು ನಮಗೆ ಮುಖ್ಯ. ಎಲ್ಲರಿಗೂ ಲಸಿಕೆ ಹಾಕಿ ಮುಗಿಸುತ್ತೇವೆ ಎಂಬ ಹಟ ಬಿಟ್ಟು, ರೋಗ ಎಲ್ಲಿ ಕಾಣಿಸಿತೋ ಅಲ್ಲಿಗೆ ಓಡಿ, ರೋಗಿಯ ಸುತ್ತ ಇದ್ದವರಿಗೆಲ್ಲ ಲಸಿಕೆ ಹಾಕಿ ಹರಡುವುದನ್ನು ಅಲ್ಲೇ ತಡೆದರು. ಈ ದಾರಿ ಸ್ಪಷ್ಟವಾದದ್ದೂ ಕೊರತೆಯಿಂದಲೇ: 1966ರ ಕೊನೆಯಲ್ಲಿ ನೈಜೀರಿಯಾದ ಪೂರ್ವಭಾಗದಲ್ಲಿ ಲಸಿಕೆ ಸಾಲದಾದಾಗ ಅಮೆರಿಕದ ವೈದ್ಯ ವಿಲಿಯಂ ಫೇಗಿ ಮತ್ತು ಜೊತೆಯವರು ಇದ್ದಷ್ಟನ್ನು ರೋಗವಿದ್ದ ಹಳ್ಳಿಗಳ ಸುತ್ತ ಮಾತ್ರ ಬಳಸಿದರು. ಸಮಯವೂ ಹಣವೂ ಕಡಿಮೆ ಇದ್ದವರು ಸಮಸ್ಯೆ ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ಮೊದಲು ಹೋಗಬೇಕು.

ಓಝೋನ್ ಪದರದ ಕಥೆಯಿಂದ ಬೇರೆ ಪಾಠ. ಫ್ರಿಜ್, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳಿಂದ ಆ ಪದರಕ್ಕಿರುವ ಅಪಾಯವನ್ನು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಹೇಳಿದ್ದು 1974ರಲ್ಲಿ, ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ವರದಿ ಬಂದದ್ದು 1985ರಲ್ಲಿ, ಆ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1987ರಲ್ಲಿ. ಮೊದಲ ಒಪ್ಪಂದ ಸಾಕಾಗುವಂಥದ್ದಾಗಿರಲಿಲ್ಲ: ಮುಖ್ಯ ಅನಿಲಗಳ ಬಳಕೆಯನ್ನು ಅರ್ಧಕ್ಕೆ ಇಳಿಸುವುದಷ್ಟೇ ಅದರಲ್ಲಿತ್ತು. 1990ರಲ್ಲಿ ಲಂಡನ್ನಿನಲ್ಲಿ, 1992ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅದನ್ನು ಬಿಗಿ ಮಾಡಿ ಪೂರ್ತಿ ನಿಷೇಧಕ್ಕೆ ತಂದರು. ಅಂಟಾರ್ಕ್ಟಿಕಾದ ಮೇಲೆ ಪದರ 1980ರ ಮಟ್ಟಕ್ಕೆ ಮರಳುವುದು 2066ರ ಸುಮಾರಿಗೆ ಎಂದು ವಿಜ್ಞಾನಿಗಳ ಅಂದಾಜು. ಸಹಿ ಹಾಕಿದವರಲ್ಲಿ ಹೆಚ್ಚಿನವರು ಅದನ್ನು ಕಾಣುವುದಿಲ್ಲ. ಹಾಗೆಂದು ಯಾರೂ ಕಡತ ಮುಚ್ಚಲಿಲ್ಲ. ನಿಮ್ಮ ಮೊದಲ ಠರಾವು ಕೂಡ ಪೂರ್ಣವಾಗಿರಬೇಕಿಲ್ಲ. ವರ್ಷಕ್ಕೊಮ್ಮೆ ಅದನ್ನು ಬಿಗಿ ಮಾಡುವ ಕಲಂ ಇದ್ದರೆ ಸಾಕು. ಆ ಕಲಂ ಇಲ್ಲದ ಅದ್ಭುತ ಯೋಜನೆಗಿಂತ, ಅದಿರುವ ಸಾಧಾರಣ ಯೋಜನೆಯನ್ನೇ ನಾವು ಆರಿಸುತ್ತೇವೆ.

ಹವಾಮಾನದ ವಿಷಯದಲ್ಲೂ ಕೆಲಸ ಫಲ ಕೊಟ್ಟಿದೆ. 2010ರಿಂದ 2019ರ ನಡುವೆ ಸೌರವಿದ್ಯುತ್ತಿನ ಘಟಕವೆಚ್ಚ ಶೇ 85ರಷ್ಟು, ಪವನವಿದ್ಯುತ್ತಿನದು ಶೇ 55ರಷ್ಟು, ಲಿಥಿಯಂ ಬ್ಯಾಟರಿಯದು ಶೇ 85ರಷ್ಟು ಇಳಿಯಿತು. 2015ರ ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಜಗತ್ತು ಶತಮಾನದ ಅಂತ್ಯಕ್ಕೆ 4 ಡಿಗ್ರಿಯ ಸಮೀಪಕ್ಕೆ ಹೊರಟಿತ್ತು. ಈಗ ಜಾರಿಯಲ್ಲಿರುವ ನೀತಿಗಳ ಲೆಕ್ಕದಲ್ಲಿ ಅದು 3ಕ್ಕಿಂತ ಕೆಳಗೆ ಬಂದಿದೆ. 3ರ ಹತ್ತಿರವೂ ಭೀಕರವೇ. ಆದರೆ ಕಡಿಮೆಯಾದ ಆ ಒಂದು ಡಿಗ್ರಿ ತಾನಾಗಿ ಕಡಿಮೆಯಾದದ್ದಲ್ಲ.

ಇನ್ನು ಕೈಗೆ ಹತ್ತಿರದ ಕೆಲಸಕ್ಕೆ ಬರೋಣ. ತಡವಾಗಿ ಹೊರಟವರು ಮೂರು ಗುಣ ನೋಡಿ ಮೊದಲ ಕೆಲಸ ಆರಿಸಿಕೊಳ್ಳಬೇಕು: ಫಲ ತಿಂಗಳೊಳಗೆ ಅಳೆಯಲು ಸಿಗಬೇಕು, ಅದನ್ನು ಮಾಡುವ ಅಧಿಕಾರ ಈಗಾಗಲೇ ನಿಮ್ಮ ಕೈಯಲ್ಲಿರಬೇಕು, ಅದು ಉಳಿಸಿದ ಹಣ ಮುಂದಿನ ಕೆಲಸಕ್ಕೆ ಆಗಬೇಕು. ಈ ಮೂರೂ ಕೂಡುವ ಕೆಲಸಗಳಲ್ಲಿ ಮೊದಲನೆಯದು ನೀರಿನ ಸೋರಿಕೆ. ಹವಾಮಾನಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. 1,000 ಲೀಟರ್ ನೀರನ್ನು 50 ಮೀಟರ್ ಮೇಲೆತ್ತಲು, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ಶೇ 60 ಇದ್ದರೆ, ಸುಮಾರು 0.23 ಯೂನಿಟ್ ವಿದ್ಯುತ್ ಬೇಕು. ದಿನಕ್ಕೆ ಒಂದು ಕೋಟಿ ಲೀಟರ್ ಎತ್ತುವ ಊರಿನಲ್ಲಿ ಶೇ 40 ಸೋರಿದರೆ ದಿನಕ್ಕೆ 900 ಯೂನಿಟ್‌ಗೂ ಹೆಚ್ಚು ವಿದ್ಯುತ್ ನೆಲಕ್ಕೆ ಸುರಿದಂತೆ. ನದಿ ದೂರವಿದ್ದು 200 ಮೀಟರ್ ಎತ್ತಬೇಕಾದರೆ ಅದರ ನಾಲ್ಕು ಪಟ್ಟು. ಇದರ ಜೊತೆಗೆ, ಬರದ ವರ್ಷದಲ್ಲಿ ಹೊಸ ಜಲಮೂಲ ಹುಡುಕುವುದಕ್ಕಿಂತ ಸೋರುವ ನೀರು ಹಿಡಿಯುವುದು ಬೇಗ ಆಗುವ ಕೆಲಸ.

ಸಣ್ಣ ತೂತು ಎಂದು ಯಾರೂ ಹಗುರವಾಗಿ ಎಣಿಸಬಾರದು. ಕೊಳವೆಯಲ್ಲಿ 30 ಮೀಟರ್ ಎತ್ತರದ ನೀರಿನಷ್ಟು ಒತ್ತಡವಿದ್ದಾಗ ಬರೀ 3 ಮಿಲಿಮೀಟರ್ ಅಗಲದ ತೂತಿನಿಂದ ದಿನಕ್ಕೆ ಸುಮಾರು 9,000 ಲೀಟರ್ ಹೋಗುತ್ತದೆ. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಅದೇ ತೂತಿನ ಹರಿವು ಶೇ 30ರಷ್ಟು ತಗ್ಗುತ್ತದೆ. ಆದ್ದರಿಂದ ಅಗೆಯುವ ಮೊದಲೇ ರಾತ್ರಿಯ ಹೆಚ್ಚುವರಿ ಒತ್ತಡ ಇಳಿಸುವುದು ಎಲ್ಲಕ್ಕಿಂತ ಅಗ್ಗದ ದುರಸ್ತಿ.

ಕ್ರಮ ಹೀಗಿದೆ. 500ರಿಂದ 1,500 ನಲ್ಲಿ ಸಂಪರ್ಕಗಳಿರುವ, ಒಂದೇ ಕಡೆಯಿಂದ ನೀರು ಬರುವಂತೆ ಮಾಡಬಹುದಾದ ಒಂದು ವಲಯ ಆರಿಸಿಕೊಳ್ಳಿ. ಒಳಬರುವ ಕೊಳವೆಗೆ ಒಂದು ಮೀಟರ್ ಕೂರಿಸಿ, ಉಳಿದ ಗಡಿಯ ವಾಲ್ವ್‌ಗಳನ್ನೆಲ್ಲ ಮುಚ್ಚಿ. ಅವು ನಿಜವಾಗಿ ಮುಚ್ಚಿವೆಯೇ ಎಂದು ಪರೀಕ್ಷಿಸದೆ ಮುಂದೆ ಹೋಗಬೇಡಿ. ಒಳಬರುವ ವಾಲ್ವನ್ನೂ ಒಮ್ಮೆ ಮುಚ್ಚಿದರೆ ವಲಯದೊಳಗಿನ ಒತ್ತಡ ಸೊನ್ನೆಗೆ ಬೀಳಬೇಕು. ಬೀಳದಿದ್ದರೆ ಯಾವುದೋ ಹಳೆಯ ವಾಲ್ವ್ ತುಕ್ಕು ಹಿಡಿದು ಅರ್ಧ ತೆರೆದೇ ನಿಂತಿದೆ, ಇಲ್ಲವೇ ನಕ್ಷೆಯಲ್ಲಿಲ್ಲದ ಕೊಳವೆಯೊಂದು ಎಲ್ಲಿಂದಲೋ ಬಂದು ಸೇರಿದೆ. ಹೆಚ್ಚಿನ ಊರುಗಳಲ್ಲಿ ಕೆಲಸ ಕೆಡುವುದು ಇಲ್ಲೇ. ಈ ಪರೀಕ್ಷೆ ಬಿಟ್ಟು ತೆಗೆದ ಅಂಕಿಗಳಿಗೆ ಬೆಲೆಯಿಲ್ಲ.

ಆಮೇಲೆ ಬೆಳಗಿನ ಜಾವ 2ರಿಂದ 4 ಗಂಟೆಯ ನಡುವೆ ಮೀಟರ್ ಓದಿ. ಆಗ ಊರು ಮಲಗಿರುತ್ತದೆ. ಮನೆಗೆ ಗಂಟೆಗೆ ಎರಡು ಮೂರು ಲೀಟರಿಗಿಂತ ಹೆಚ್ಚಿನ ಬಳಕೆ ಇರಬಾರದು. 1,000 ಸಂಪರ್ಕಗಳ ವಲಯದಲ್ಲಿ ಗಂಟೆಗೆ 12,000 ಲೀಟರ್ ಹರಿಯುತ್ತಿದ್ದರೆ ಅದರಲ್ಲಿ 9,000ಕ್ಕೂ ಹೆಚ್ಚು ಸೋರಿಕೆ. ಹಗಲಲ್ಲಿ ಒತ್ತಡ ತಗ್ಗುವುದನ್ನು ಕಳೆದರೂ ದಿನಕ್ಕೆ 2 ಲಕ್ಷ ಲೀಟರಿಗೆ ಹತ್ತಿರ, ತಲಾ 100 ಲೀಟರಿನಂತೆ 2,000 ಜನರ ನೀರು. ಒಂದು ಎಚ್ಚರಿಕೆ: ಮನೆಗಳ ಮೇಲಿನ ಟ್ಯಾಂಕ್‌ಗಳು ರಾತ್ರಿ ತುಂಬುವ ಕಡೆ ಅಥವಾ ದಿನಕ್ಕೆರಡು ತಾಸು ಮಾತ್ರ ನೀರು ಬಿಡುವ ಕಡೆ ಈ ಅಳತೆ ಹಾಗೇ ನಡೆಯದು. ಅಂಥಲ್ಲಿ ಮೂರು ನಾಲ್ಕು ರಾತ್ರಿ ಬಿಡದೆ ಒತ್ತಡ ಉಳಿಸಿ, ಟ್ಯಾಂಕ್‌ಗಳೆಲ್ಲ ತುಂಬಿದ ಮೇಲೆ ಸಿಗುವ ಕನಿಷ್ಠ ಹರಿವನ್ನೇ ಹಿಡಿಯಬೇಕು.

ಸೋರಿಕೆ ಯಾವ ಬೀದಿಯಲ್ಲಿದೆ ಎಂದು ತಿಳಿಯಲು ಅದೇ ರಾತ್ರಿ ಒಳಗಿನ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಮೀಟರ್ ನೋಡಿ. ಯಾವ ವಾಲ್ವ್ ಮುಚ್ಚಿದಾಗ ಹರಿವು ಥಟ್ಟನೆ ಇಳಿಯಿತೋ ಆ ಬೀದಿಯಲ್ಲೇ ದೊಡ್ಡ ಸೋರಿಕೆ. ಅಲ್ಲಿ ಆಲಿಸುವ ಕಡ್ಡಿ ಹಿಡಿದು ನಲ್ಲಿ, ವಾಲ್ವ್‌ಗಳ ಮೇಲೆ ಕಿವಿಯಿಟ್ಟರೆ ಸುಯ್ಯೆನ್ನುವ ಸದ್ದು ಎಲ್ಲಿ ಜೋರಾಗಿದೆ ಎಂದು ಅನುಭವಸ್ಥ ಪ್ಲಂಬರ್ ಹೇಳುತ್ತಾನೆ. ಸೋರಿಕೆಗಳಲ್ಲಿ ಬಹುಪಾಲು ಮುಖ್ಯ ಕೊಳವೆಯಲ್ಲಿರುವುದಿಲ್ಲ. ಅದರಿಂದ ಮನೆಗೆ ಕವಲೊಡೆಯುವ ಸ್ಯಾಡಲ್ (ಕೊಳವೆಯ ಸುತ್ತ ಬಿಗಿಯುವ ಪಟ್ಟಿ) ಮತ್ತು ಫೆರೂಲ್‌ನಲ್ಲಿ (ಅಲ್ಲಿ ಕೂರಿಸುವ ಸಣ್ಣ ಜೋಡಣೆ), ಅಲ್ಲಿಂದ ಮನೆಯವರೆಗಿನ ಸಣ್ಣ ಪೈಪಿನಲ್ಲಿ ಇರುತ್ತವೆ. ದೊಡ್ಡ ಕೊಳವೆ ಒಡೆದರೆ ರಸ್ತೆ ಹೊಳೆಯಾಗುತ್ತದೆ, ಅದೇ ದಿನ ದುರಸ್ತಿಯಾಗುತ್ತದೆ. ಫೆರೂಲ್ ಸೋರಿಕೆ ವರ್ಷಗಟ್ಟಲೆ ಮಣ್ಣೊಳಗೇ ಹರಿದು ಒಟ್ಟು ಲೆಕ್ಕದಲ್ಲಿ ಹೆಚ್ಚು ನೀರು ತಿನ್ನುತ್ತದೆ. ದುರಸ್ತಿಯ ನಂತರ ಅದೇ ಹೊತ್ತಿಗೆ ಮತ್ತೆ ಅಳೆಯಬೇಕು. ಸೋರಿಕೆ ಮುಚ್ಚಿದಾಗ ಒತ್ತಡ ಏರಿ ಮುಂದಿನ ದುರ್ಬಲ ಕೀಲು ಬಿಚ್ಚಿಕೊಳ್ಳುವುದು ಸಾಮಾನ್ಯ. ‘ಎಷ್ಟು ಮಾಡಿದರೂ ಇಷ್ಟೇ’ ಎಂದು ಸಿಬ್ಬಂದಿ ಬೇಸತ್ತು ಬಿಡುವುದು ಈ ಹಂತದಲ್ಲೇ. ಒತ್ತಡ ತಗ್ಗಿಸುವ ವಾಲ್ವ್ ಮೊದಲೇ ಕೂರಿಸಿದ್ದರೆ ಆ ಬೇಸರ ಬಹುಮಟ್ಟಿಗೆ ತಪ್ಪುತ್ತದೆ. ವಾಲ್ವ್ ತಿರುಗಿಸುವವರಿಗೆ ಒಂದು ಮಾತು ಹೇಳಿ: ರಭಸದಿಂದ ಮುಚ್ಚಬಾರದು. ಓಡುತ್ತಿರುವ ನೀರು ತಟ್ಟನೆ ನಿಂತರೆ ಅದರ ಹೊಡೆತಕ್ಕೆ ಹಳೆಯ ಕೊಳವೆ ಬಿರಿಯುತ್ತದೆ.

ಇದು ಕಾಗದದ ಮಾತಲ್ಲ ಎನ್ನಲು ಕಾಂಬೋಡಿಯಾದ ರಾಜಧಾನಿ ನೊಮ್ ಪೆನ್ ಇದೆ. ಯುದ್ಧದಿಂದ ಜರ್ಜರಿತವಾದ ಆ ನಗರದ ನೀರು ಸರಬರಾಜು 1993ರಲ್ಲಿ ಏಕ್ ಸೊನ್ ಚಾನ್ ಅವರ ಕೈಗೆ ಬಂದಾಗ ಶೇ 72 ನೀರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಸೋರಿಕೆಯ ಜೊತೆಗೆ ಕಳವೂ ಇತ್ತು. ಮನೆಮನೆಗೆ ಹೋಗಿ ಬಳಕೆದಾರರ ಪಟ್ಟಿಯನ್ನು ಹೊಸದಾಗಿ ಬರೆದರು, ಸಂಪರ್ಕಗಳಿಗೆಲ್ಲ ಮೀಟರ್ ಹಾಕಿದರು, ಬಾಕಿ ಉಳಿಸಿಕೊಂಡ ಪ್ರಭಾವಿಗಳನ್ನೂ ಸರ್ಕಾರಿ ಕಚೇರಿಗಳನ್ನೂ ಬಿಡದೆ ವಸೂಲಿ ಮಾಡಿದರು, ಹಗಲಿರುಳೂ ದುರಸ್ತಿ ತಂಡ ಇಟ್ಟರು, ಹಳೆಯ ಕೊಳವೆ ಬದಲಿಸಿದರು. 2010ರ ಹೊತ್ತಿಗೆ ನಷ್ಟ ಶೇ 6ರ ಆಸುಪಾಸಿಗೆ ಇಳಿದು, ದಿನಕ್ಕೆ ಹತ್ತು ತಾಸು ಬರುತ್ತಿದ್ದ ನೀರು ಇಪ್ಪತ್ತನಾಲ್ಕೂ ತಾಸು ಬರತೊಡಗಿತ್ತು. ಇದರಲ್ಲಿ ಹೊಸ ತಂತ್ರಜ್ಞಾನ ಎನ್ನುವಂಥದ್ದು ಏನೂ ಇರಲಿಲ್ಲ.

ಎರಡನೆಯದು ಹಸಿ ಕಸ. ಮೀಥೇನ್ ಅನಿಲದ ಆಯುಸ್ಸು ವಾತಾವರಣದಲ್ಲಿ ಸುಮಾರು 12 ವರ್ಷ ಮಾತ್ರ. ಆದರೆ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ತಡವಾಗಿ ಹೊರಟವರು ಮೊದಲು ಕೈ ಹಾಕಬೇಕಾದ ಅನಿಲ ಇದೇ: ಇವತ್ತು ನಿಲ್ಲಿಸಿದ್ದರ ಫಲ ಒಂದೆರಡು ದಶಕದೊಳಗೇ ಕಾಣುತ್ತದೆ. ಮನುಷ್ಯರಿಂದ ಹೊರಬರುವ ಮೀಥೇನ್‌ನಲ್ಲಿ ಸುಮಾರು ಐದನೆಯ ಒಂದು ಪಾಲು ಕಸ ಮತ್ತು ಚರಂಡಿ ನೀರಿನದು. ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆಯುವ ಆಹಾರ, ತರಕಾರಿ, ಎಲೆ ಅದನ್ನು ಹುಟ್ಟಿಸುತ್ತವೆ. ತಿಪ್ಪೆಗಳಲ್ಲಿ ಆಗಾಗ ಬೆಂಕಿ ಹೊತ್ತಿಕೊಂಡು ಆರದೆ ಉರಿಯುವುದಕ್ಕೂ ಇದೇ ಅನಿಲ ಮುಖ್ಯ ಕಾರಣ.

ಗಾಳಿ ಸಿಗುವಂತೆ ಕೊಳೆಸಿದರೆ ಮೀಥೇನ್ ತೀರಾ ಕಡಿಮೆ. ಒಂದು ಬುಟ್ಟಿ ಹಸಿ ಕಸಕ್ಕೆ ಒಂದರಿಂದ ಎರಡು ಬುಟ್ಟಿ ಒಣ ಎಲೆ, ಹೊಟ್ಟು ಅಥವಾ ಮರದ ಪುಡಿ ಬೆರೆಸಿ. ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ ಒಂದು ಆಗಬೇಕೆನ್ನುವುದರ ಕೈಯಳತೆ ಇದು. ತೇವ ಶೇ 50ರಿಂದ 60. ಹಿಡಿ ತುಂಬ ತೆಗೆದು ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ರಾಶಿ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದು ಮೀಟರಿಗೆ ಕಡಿಮೆ ಇದ್ದರೆ ಶಾಖ ನಿಲ್ಲುವುದಿಲ್ಲ, ಒಂದೂವರೆ ಮೀಟರಿಗಿಂತ ಎತ್ತರವಾದರೆ ನಡುವಿಗೆ ಗಾಳಿ ಹೋಗುವುದಿಲ್ಲ. ಮೂರು ನಾಲ್ಕು ದಿನದಲ್ಲಿ ನಡುಭಾಗ 55 ಡಿಗ್ರಿ ದಾಟಬೇಕು. ಸಾಲುರಾಶಿಯಾದರೆ ಆ ಉಷ್ಣತೆ 15 ದಿನ ಉಳಿಯಬೇಕು, ಅಷ್ಟರಲ್ಲಿ ಕನಿಷ್ಠ ಐದು ಸಲ ತಿರುವಿ ಹಾಕಬೇಕು; ರೋಗಾಣುಗಳೂ ಕಳೆಬೀಜಗಳೂ ಸಾಯುವುದು ಹೀಗೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ತಿರುವಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಒಣ ಎಲೆ ಸಾಲದು, ಸೇರಿಸಿ. ಇರುವೆ ಹರಿದಾಡಿದರೆ ರಾಶಿ ಒಣಗಿದೆ, ನೀರು ಚಿಮುಕಿಸಿ. ಎಂಟರಿಂದ ಹನ್ನೆರಡು ವಾರಕ್ಕೆ ಗೊಬ್ಬರ.

ಇಂಥ ಘಟಕಗಳು ಮುಚ್ಚಿಹೋಗುವುದಕ್ಕೆ ಕಾರಣ ಹೆಚ್ಚಾಗಿ ಮೂರೇ. ಒಂದು, ದಿನದ ಕಸಕ್ಕೆಷ್ಟು ಜಾಗ ಬೇಕೋ ಅಷ್ಟನ್ನೇ ಕಟ್ಟಿರುತ್ತಾರೆ. ರಾಶಿ ಎರಡು ಮೂರು ತಿಂಗಳು ಅಲ್ಲೇ ಕೂರಬೇಕು, ಆದ್ದರಿಂದ ಎರಡನೇ ವಾರದಲ್ಲೇ ಜಾಗ ಮುಗಿಯುತ್ತದೆ. ಎರಡು, ಒಣ ಎಲೆಯ ದಾಸ್ತಾನು ಮಾಡಿರುವುದಿಲ್ಲ. ಮಳೆಗಾಲ ಬಂದೊಡನೆ ರಾಶಿ ಕೆಸರಾಗಿ ನಾರುತ್ತದೆ, ನೆರೆಯವರು ದೂರು ಕೊಡುತ್ತಾರೆ, ಘಟಕಕ್ಕೆ ಬೀಗ ಬೀಳುತ್ತದೆ. ಎಲೆ ಉದುರುವ ಕಾಲದಲ್ಲಿ ಬೀದಿ ಎಲೆ ಸುಡುವುದನ್ನು ನಿಲ್ಲಿಸಿ ಮೂಟೆ ಕಟ್ಟಿ ಮಾಡಿನ ಕೆಳಗಿಟ್ಟರೆ ಇದು ಬಗೆಹರಿಯುತ್ತದೆ. ಮೂರನೆಯದೇ ದೊಡ್ಡದು: ಮನೆಯಲ್ಲೇ ಬೇರ್ಪಡಿಸದ ಕಸ. ಗಾಜಿನ ಚೂರು, ಬ್ಯಾಟರಿ ಸೇರಿದ ಗೊಬ್ಬರವನ್ನು ರೈತರು ಹೊಲಕ್ಕೆ ಸೇರಿಸುವುದಿಲ್ಲ, ಸೇರಿಸಲೂಬಾರದು. ಯಂತ್ರ ಕೊಂಡು ಆಮೇಲೆ ಬೇರ್ಪಡಿಸೋಣ ಎಂಬ ಯೋಚನೆಯನ್ನು ದಯವಿಟ್ಟು ಬಿಡಿ. ಮನೆಗಳು ಕಸ ಬೇರ್ಪಡಿಸಲು ಶುರುಮಾಡಿದ ಮೇಲೂ ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಸುರಿದರೆ ಮಾರನೇ ವಾರಕ್ಕೆ ಜನ ಬೇರ್ಪಡಿಸುವುದನ್ನು ಬಿಡುತ್ತಾರೆ. ಮೊದಲು ಗಾಡಿಯಲ್ಲಿ ಎರಡು ಖಾನೆ ಮಾಡಿಸಿ, ನಂತರ ಡಂಗುರ ಹೊಡೆಸಿ.

ಉಳಿದವನ್ನು ಬೇಗ ಹೇಳಿಬಿಡುತ್ತೇವೆ. ಒಳಗಿನ ಬಿಸಿ ತಗ್ಗಲು ಕಚೇರಿ, ಶಾಲೆ, ಆಸ್ಪತ್ರೆಗಳ ತಾರಸಿಗೆ ಬೇಸಿಗೆಯ ಮೊದಲು ಬಿಳಿ ಬಣ್ಣ ಬಳಿಸಿ. ಸುಣ್ಣವಾದರೆ ಪ್ರತಿ ವರ್ಷ ಬಳಿಯಬೇಕು, ಧೂಳು ಕೂತ ಬಿಳಿ ಬಿಳಿಯಲ್ಲ. ಗಿಡ ನೆಟ್ಟ ಲೆಕ್ಕ ಬರೆಯಬೇಡಿ, ಮೂರನೇ ಬೇಸಿಗೆ ದಾಟಿ ಬದುಕಿದ ಗಿಡಗಳ ಲೆಕ್ಕ ಬರೆಯಿರಿ.

ಬಿಸಿ ಏರುತ್ತಿರುವಾಗ ಜೀವ ಉಳಿಸುವ ಕೆಲಸವೂ ಜೊತೆಗೇ ನಡೆಯಬೇಕು. ಇಲ್ಲೂ ತಡವಾಗಿ ಕಲಿತವರೇ ದಾರಿ ತೋರಿದ್ದಾರೆ. 1970ರ ಭೋಲಾ ಚಂಡಮಾರುತದಲ್ಲಿ ಈಗಿನ ಬಾಂಗ್ಲಾದೇಶದ ಕರಾವಳಿಯಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು. 1972ರಲ್ಲಿ ಸ್ವಯಂಸೇವಕರ ಮುನ್ಸೂಚನಾ ವ್ಯವಸ್ಥೆ ಶುರುವಾಯಿತು. 1991ರಲ್ಲಿ ಮತ್ತೆ ಲಕ್ಷ ಮೀರಿ ಸತ್ತರು, ಆಶ್ರಯಧಾಮಗಳು ಸಾಲವೆಂದು ಗೊತ್ತಾಯಿತು, ಇನ್ನಷ್ಟು ಕಟ್ಟಿದರು. 2020ರ ಅಂಫಾನ್ ಚಂಡಮಾರುತದ ವೇಳೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸಾಗಿಸಿದರು. ಆ ದೇಶದಲ್ಲಿ ಸಾವು ಹತ್ತರ ಲೆಕ್ಕಕ್ಕೆ ಇಳಿಯಿತು. ಬಿರುಗಾಳಿ ಬರುತ್ತದೆಂದು ತಿಳಿದರೆ ಸಾಲದು. ಬಾವುಟ ಏರಿಸುವವರು, ಧ್ವನಿವರ್ಧಕ ಹಿಡಿದು ಮನೆಬಾಗಿಲಿಗೆ ಹೋಗುವವರು, ಮುದುಕರನ್ನು ಎತ್ತಿಕೊಂಡು ನಡೆಯುವವರು ಹೆಸರು ಸಮೇತ ಮೊದಲೇ ಗೊತ್ತಾಗಿರಬೇಕು. ಬಿಸಿಗಾಳಿಗೂ ಇದೇ ಮಾತು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ವಾಡಿಕೆಗಿಂತ 1,344 ಹೆಚ್ಚು ಸಾವು ಸಂಭವಿಸಿದ ಮೇಲೆ, 2013ರಲ್ಲಿ ನಗರಾಡಳಿತ ಬಿಸಿಗಾಳಿ ಕ್ರಿಯಾಯೋಜನೆ ತಂದಿತು: ಮುನ್ನೆಚ್ಚರಿಕೆಯ ಹಂತಗಳು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರು, ನೆರಳಿನ ತಾಣ. ಬೇರೆ ಊರುಗಳು ಅದನ್ನು ನಕಲು ಮಾಡಿದವು. ನಕಲು ಮಾಡಲು ಯಾರೂ ನಾಚಬೇಕಾಗಿಲ್ಲ. ತಡವಾಗಿ ಹೊರಟವರಿಗೆ ಇರುವ ಒಂದೇ ಅನುಕೂಲ ಮುಂದೆ ಹೋದವರ ಹೆಜ್ಜೆ ಗುರುತು.

ಯೋಜನೆಗಳು ಎಲ್ಲಿ ಸಾಯುತ್ತವೆ ಎಂಬುದನ್ನೂ ಹೇಳಬೇಕು. ಗುರಿಯ ವರ್ಷ ಈಗಿರುವ ಎಲ್ಲರ ಅಧಿಕಾರಾವಧಿ ದಾಟಿದ ಮೇಲೆ ಬರುವಂತಿದ್ದರೆ ಆ ಗುರಿ ಯಾರದೂ ಅಲ್ಲ. 2050 ಎಂದು ಬರೆದ ಕಡತದಲ್ಲಿ ಬರುವ ಮಾರ್ಚ್ ತಿಂಗಳಿಗೂ ಒಂದು ಅಂಕಿ ಇರಲಿ. ಸಮೀಕ್ಷೆಗೆಂದು ಒಂದೂವರೆ ವರ್ಷ ಕಳೆದು ದಪ್ಪ ವರದಿ ಬರುವಷ್ಟರಲ್ಲಿ ಅದನ್ನು ಕೇಳಿದ್ದ ಅಧಿಕಾರಿ ವರ್ಗವಾಗಿರುತ್ತಾರೆ. ಹೊಸಬರು ಹೊಸ ಸಮೀಕ್ಷೆ ಕೇಳುತ್ತಾರೆ. ಅದರ ಬದಲು ಒಂದು ಪುಟದ ಲೆಕ್ಕ ಸಾಕು: ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲು, ಡೀಸೆಲ್ ಖರೀದಿ, ಎತ್ತಿದ ನೀರು, ಬಿಲ್ಲಾದ ನೀರು, ಸುರಿದ ಕಸದ ತೂಕ. ಐದೂ ಅಂಕಿ ನಿಮ್ಮ ಕಚೇರಿಯಲ್ಲೇ ಇವೆ, ಬೇರೆ ಬೇರೆ ಮೇಜಿನಲ್ಲಿ. ಶೇ 20 ತಪ್ಪಿದ್ದರೂ ಪರವಾಗಿಲ್ಲ, ಎಲ್ಲಿಂದ ಶುರುಮಾಡಬೇಕೆಂದು ಅದು ತೋರಿಸುತ್ತದೆ.

ವಾರಕ್ಕೊಮ್ಮೆ ಅರ್ಧ ಗಂಟೆಯ ಸಭೆ ಇರಲಿ. ಅಲ್ಲಿ ಮೂರೇ ಪ್ರಶ್ನೆ: ಹೋದ ವಾರದ ಅಂಕಿ ಎಷ್ಟು, ಎಲ್ಲಿ ಸಿಕ್ಕಿಕೊಂಡಿದೆ, ಯಾರು ಯಾವ ದಿನದೊಳಗೆ ಬಿಡಿಸುತ್ತಾರೆ. ವಾಲ್ವ್ ತಿರುಗಿಸುವವರು, ಗಾಡಿ ಓಡಿಸುವವರು ಆ ಸಭೆಯಲ್ಲಿ ಇರಲೇಬೇಕು. ಕೆಲಸ ಯಾಕೆ ನಿಂತಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಮೇಲಿನವರಿಗೆ ಗೊತ್ತಿರುವುದಿಲ್ಲ. ಅಂಕಿ ಏರಿದ ವಾರವೂ ಅದನ್ನು ಬರೆಯಬೇಕು. ಕೆಟ್ಟ ಅಂಕಿ ತಂದವರನ್ನು ಬೈದರೆ ಮುಂದಿನ ವಾರದಿಂದ ಒಳ್ಳೆಯ ಅಂಕಿಗಳೇ ಬರುತ್ತವೆ, ನೀರು ಮಾತ್ರ ಸೋರುತ್ತಲೇ ಇರುತ್ತದೆ. ಜನರಲ್ಲಿ ಭರವಸೆ ಹುಟ್ಟಿಸಬೇಕು ಎಂದು ಭಾಷಣ ಏರ್ಪಡಿಸುವ ಖರ್ಚನ್ನು ಒಂದು ಕಪ್ಪು ಹಲಗೆಗೆ ಹಾಕಿ, ಈ ಅಂಕಿಯನ್ನು ವಾರವಾರ ಕಚೇರಿಯ ಹೊರಗೆ ಬರೆಸಿ. ಇಳಿಯುತ್ತಿರುವ ಅಂಕಿಯನ್ನು ಕಣ್ಣಾರೆ ಕಂಡವರು ತಾವೂ ಏನು ಮಾಡಬಹುದೆಂದು ಕೇಳಿಕೊಂಡು ಬರುತ್ತಾರೆ.

ನಮ್ಮ ಕೋರಿಕೆ ಇಷ್ಟು. ಮೂವತ್ತು ದಿನದೊಳಗೆ ಐದು ಅಂಕಿಗಳ ಆ ಒಂದು ಪುಟವನ್ನು ಸಾರ್ವಜನಿಕರ ಮುಂದಿಡಿ. ಅದೇ ಅವಧಿಯಲ್ಲಿ ಒಂದು ವಲಯದ ರಾತ್ರಿ ಹರಿವನ್ನು ಅಳೆದು, ಒಂದು ಬಡಾವಣೆಯ ಕಸದ ಗಾಡಿಗೆ ಎರಡು ಖಾನೆ ಮಾಡಿಸಿ. ತೊಂಬತ್ತನೇ ದಿನ ಎರಡನ್ನೂ ಮತ್ತೆ ಅಳೆಯಿರಿ. ಅಂಕಿ ಇಳಿದಿದ್ದರೆ ಪಕ್ಕದ ವಲಯಕ್ಕೆ ಹೋಗಿ, ಇಳಿಯದಿದ್ದರೆ ಯಾಕೆ ಎಂದು ಬರೆದು ಅದೇ ವಲಯದಲ್ಲಿ ಮುಂದುವರಿಸಿ. ಮೊದಲ ರಾತ್ರಿಯ ಅಳತೆಗೆ ಬೇಕಾದದ್ದು ಒಂದು ಮೀಟರ್, ಇರುವ ಕೊಳವೆ ನಕ್ಷೆ, ವಾಲ್ವ್ ಗೊತ್ತಿರುವ ಇಬ್ಬರು ಸಿಬ್ಬಂದಿ ಮತ್ತು ಅವರಿಗೆ ಮಾರನೇ ದಿನದ ರಜೆ. ಇಷ್ಟಕ್ಕೆ ಆದೇಶ ಹೊರಡಿಸುವ ಅಧಿಕಾರ ನಿಮ್ಮ ಎಂಜಿನಿಯರಿಗೆ ಈಗಲೇ ಇದೆ. ನಕ್ಷೆ ಓದಲು, ಅಂಕಿ ತಾಳೆ ನೋಡಲು ಜೊತೆಗೆ ಯಾರಾದರೂ ಬೇಕೆಂದರೆ ಕರೆಯಿರಿ, ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ನೀರು, ಕಸ, ವಿದ್ಯುತ್ತಿನ ಕೆಲಸದಲ್ಲಿರುವ ಕೆಲವರು